ಅಳಿಸಿದ ಜಾಗದಲ್ಲಿ ಏನಿದೆ?

ಅಧ್ಯಕ್ಷರೇ, ಈ ಕಾರ್ಯಾಗಾರವನ್ನು ಏರ್ಪಡಿಸಿರುವ ಗೆಳೆಯರೇ, ಕ್ಯಾಮೆರಾ ಹೆಗಲಿಗೇರಿಸಿಕೊಂಡೇ ಬಂದು ಕುಳಿತಿರುವ ಛಾಯಾಗ್ರಾಹಕ ಬಂಧುಗಳೇ,

ಫೋಟೊಗಳಲ್ಲಿ ಬೇಡವಾದ ವಸ್ತುಗಳನ್ನು ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ತೆಗೆದುಹಾಕುವ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ನಾನೇ ಮಾಡಿದ ಒಂದು ಎಡವಟ್ಟಿನಿಂದ ಶುರುಮಾಡುತ್ತೇನೆ. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಹಳ್ಳಿಯ ಕೆರೆ ಏರಿಯ ಪಕ್ಕದಲ್ಲಿದ್ದ ವೀರಗಲ್ಲೊಂದರ ಚಿತ್ರ ತೆಗೆದೆ. ಕೆಳಗಿನ ಪಟ್ಟಿಕೆಯಲ್ಲಿ ತುರುಗಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ, ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಸವೆದ ಶಾಸನ. ಎಲ್ಲವೂ ಚೆನ್ನಾಗಿತ್ತು, ಆದರೆ ಯಾರೋ ಆ ಕಲ್ಲಿಗೆ ಎಮ್ಮೆ ಕಟ್ಟಿದ್ದರು. ನೀಲಿ ನೈಲಾನ್ ಹಗ್ಗ ಶಾಸನದ ಸಾಲಿಗೆ ಅಡ್ಡವಾಗಿ ಹಾದುಹೋಗಿತ್ತು. ಎಮ್ಮೆಯ ಯಜಮಾನರು ಹತ್ತಿರದಲ್ಲಿರಲಿಲ್ಲ, ಹಗ್ಗ ಬಿಚ್ಚುವ ಧೈರ್ಯ ನನಗಿರಲಿಲ್ಲ. ಮನೆಗೆ ಬಂದು ಮೊಬೈಲಿನ ಅಳಿಸುವ ಸಾಧನದಲ್ಲಿ ಹಗ್ಗದ ಮೇಲೆ ಬೆರಳಾಡಿಸಿದೆ. ಎರಡು ಕ್ಷಣದಲ್ಲಿ ಹಗ್ಗ ಮಾಯವಾಯಿತು, ಕಲ್ಲು ಅಖಂಡವಾಗಿ ಕಂಡಿತು. ಆ ಖುಷಿಯಲ್ಲಿ, ಶಾಸನ ಓದಬಲ್ಲ ಹಿರಿಯರೊಬ್ಬರಿಗೆ ಚಿತ್ರ ಕಳಿಸಿದೆ. ಮರುದಿನ ಅವರು ಫೋನು ಮಾಡಿ ಕೇಳಿದರು: “ಸ್ವಾಮಿ, ಒಂದು ಸಾಲಿನ ನಡುವೆ ನಾಲ್ಕು ಅಕ್ಷರ ಓದಲು ಆಗುತ್ತಿಲ್ಲ. ಸವೆದಿವೆ ಅಂತಲ್ಲ, ಚೆನ್ನಾಗಿಯೇ ಕಾಣುತ್ತಿವೆ. ಅಕ್ಷರದ ಹಾಗಿವೆ, ಆದರೆ ಅಕ್ಷರಗಳಲ್ಲ. ಇದು ಯಾವ ಕಾಲದ ಲಿಪಿ?”

ಆ ಲಿಪಿ ಆ ಹಿಂದಿನ ರಾತ್ರಿಯದು. ಹಗ್ಗದ ಹಿಂದೆ ಏನಿತ್ತೆಂದು ಕ್ಯಾಮೆರಾ ಕಂಡಿರಲಿಲ್ಲ. ಕಾಣದ್ದನ್ನು ಯಾವ ತಂತ್ರಾಂಶವೂ ಹೊರತೆಗೆಯಲಾರದು. ಸಾಧನವು ಅಕ್ಕಪಕ್ಕದ ಗೀರುಗಳನ್ನು ನೋಡಿ, ಅಂಥವೇ ನಾಲ್ಕು ಗೀರುಗಳನ್ನು ಬರೆದು ಕೊಟ್ಟಿತ್ತು. ನಾವು ಇದನ್ನು ‘ಅಳಿಸುವುದು’ ಎಂದು ಕರೆಯುತ್ತೇವೆ, ಗುಂಡಿಯ ಮೇಲೂ ರಬ್ಬರಿನ ಚಿತ್ರವಿರುತ್ತದೆ. ಆದರೆ ಸ್ಲೇಟಿನ ಮೇಲೆ ಅಳಿಸಿದರೆ ಕೆಳಗೆ ಸ್ಲೇಟು ಇರುತ್ತದೆ. ಫೋಟೊದಲ್ಲಿ ಒಂದು ವಸ್ತುವಿನ ಕೆಳಗೆ ಏನೂ ಇರುವುದಿಲ್ಲ, ಅಲ್ಲಿರುವುದು ತೂತು. ಆ ತೂತನ್ನು ತುಂಬುವುದೇ ಈ ಸಾಧನದ ನಿಜವಾದ ಕೆಲಸ. ಆದ್ದರಿಂದ ಏನನ್ನು ತೆಗೆದೆವು ಎನ್ನುವುದಕ್ಕಿಂತ, ಆ ಜಾಗದಲ್ಲಿ ಏನನ್ನು ಇಟ್ಟೆವು, ಅದು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನೇ ಇಂದು ಹಿಡಿದುಕೊಂಡು ಹೋಗೋಣ.

ಬಟ್ಟೆಯ ತೂತು ಮುಚ್ಚುವವರ ಮಾತಿನಲ್ಲಿ ಹೇಳಿದರೆ ಈ ತಂತ್ರಕ್ಕೆ ಮೂರು ಕಾಲಗಳಿವೆ. ಮೊದಲನೆಯದು ರಫು. 2000ದಲ್ಲಿ ಮಾರ್ಸೆಲೊ ಬರ್ಟಾಲ್ಮಿಯೊ, ಗಿಲೆರ್ಮೊ ಸಪಿರೊ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧವೊಂದು, ಹಳೆಯ ವರ್ಣಚಿತ್ರಗಳನ್ನು ದುರಸ್ತಿ ಮಾಡುವವರ ಮಾತಾದ ‘ಇನ್‌ಪೇಂಟಿಂಗ್’ ಅನ್ನು ಗಣಕಕ್ಕೆ ತಂದಿತು. ತೂತಿನ ಅಂಚಿಗೆ ಬಂದು ನಿಲ್ಲುವ ಗೆರೆಗಳನ್ನೂ ಬಣ್ಣಗಳನ್ನೂ ಒಳಗೆ ಎಳೆದು ಮತ್ತೊಂದು ಅಂಚಿಗೆ ಕೂಡಿಸುವುದು ಅದರ ಉಪಾಯ. ಹಳೆಯ ಫೋಟೊದ ಮಡಿಕೆ, ಗೀರು, ಮೇಲೆ ಬರೆದ ದಿನಾಂಕಗಳಿಗೆ ಅದು ಸಾಕಾಗುತ್ತಿತ್ತು. ತೂತು ಅಗಲವಾದರೆ ನಡುವೆ ಬರೀ ಮಸುಕು ಉಳಿಯುತ್ತಿತ್ತು.

ಎರಡನೆಯದು ತೇಪೆ. ಅದೇ ಚಿತ್ರದ ಬೇರೆ ಮೂಲೆಯಿಂದ ಹೊಂದುವ ತುಣುಕುಗಳನ್ನು ಹುಡುಕಿ ತಂದು ಹಚ್ಚುವ ವಿಧಾನವಿದು. ಈ ಹುಡುಕಾಟವನ್ನು ಬಹಳ ವೇಗವಾಗಿಸಿದ ‘ಪ್ಯಾಚ್‌ಮ್ಯಾಚ್’ 2009ರಲ್ಲಿ ಬಂದಿತು. ಮರುವರ್ಷವೇ ಫೋಟೊಶಾಪ್ ಸಿಎಸ್5ರಲ್ಲಿ ‘ಕಂಟೆಂಟ್ ಅವೇರ್ ಫಿಲ್’ ಸೇರಿತು. ಆ ಕಾಲದ ತಿದ್ದುಪಡಿಗಳನ್ನು ಹಿಡಿಯುವುದು ಸುಲಭ, ಏಕೆಂದರೆ ಒಂದೇ ಮೋಡ ಆಕಾಶದಲ್ಲಿ ಎರಡು ಕಡೆ ತೇಲುತ್ತಿರುತ್ತದೆ, ಒಂದೇ ಹುಲ್ಲಿನ ಗೊಂಚಲು ಮೂರು ಕಡೆ ಬೆಳೆದಿರುತ್ತದೆ. ಆದರೂ ಆ ತೇಪೆ ನಿಮ್ಮ ಚಿತ್ರದ್ದೇ ಬಟ್ಟೆ ಎಂಬುದನ್ನು ಮರೆಯಬಾರದು.

ಮೂರನೆಯದು ಹೊಸ ನೇಯ್ಗೆ. ಇಂದು ಎಐ ಎಂದು ನಾವು ಕರೆಯುವುದು ಇದನ್ನೇ. ಲಕ್ಷಗಟ್ಟಲೆ ಫೋಟೊಗಳಲ್ಲಿ ಬೇಕೆಂದೇ ತೂತು ಮಾಡಿ, ತುಂಬಲು ಹೇಳಿ, ನಿಜವಾದ ಚಿತ್ರದೊಂದಿಗೆ ಹೋಲಿಸಿ ತಿದ್ದುತ್ತ ತಿದ್ದುತ್ತ ಒಂದು ನರಜಾಲವನ್ನು ಪಳಗಿಸುತ್ತಾರೆ. ಸ್ಯಾಮ್‌ಸಂಗ್ ಸಂಶೋಧಕರು ಪ್ರಮುಖರಾಗಿದ್ದ ತಂಡವೊಂದು 2021ರಲ್ಲಿ ಹೊರತಂದ ‘ಲಾಮಾ’ ಎಂಬ ಮಾದರಿ ಇಡೀ ಚಿತ್ರವನ್ನು ಒಂದೇ ನೋಟಕ್ಕೆ ಗಮನಿಸುವುದರಿಂದ ತಂತಿಬೇಲಿ, ಕಿಟಕಿಯ ಸರಳುಗಳಂಥ ಮರುಕಳಿಸುವ ವಿನ್ಯಾಸಗಳನ್ನು ಸೊಗಸಾಗಿ ಮುಂದುವರಿಸುತ್ತದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್ ಪಿಕ್ಸೆಲ್ 6 ಫೋನಿನೊಡನೆ ‘ಮ್ಯಾಜಿಕ್ ಇರೇಸರ್’ ಬಂದಿತು. ಆಮೇಲೆ ಅಡ್ಡಾದಿಡ್ಡಿ ಚುಕ್ಕಿಗಳ ಗದ್ದಲದಿಂದ ಚಿತ್ರವನ್ನು ಹಂತಹಂತವಾಗಿ ತಿಳಿಗೊಳಿಸುವ ಡಿಫ್ಯೂಷನ್ ಮಾದರಿಗಳು ಬಂದವು. 2023ರ ಮೇ ತಿಂಗಳಲ್ಲಿ ಫೋಟೊಶಾಪ್‌ನ ‘ಜನರೇಟಿವ್ ಫಿಲ್’, 2024ರ ಅಕ್ಟೋಬರಿನಲ್ಲಿ ಐಫೋನಿನ ‘ಕ್ಲೀನ್ ಅಪ್’. ಇಷ್ಟರಲ್ಲಿ ಒಂದು ವಿಷಯ ಸದ್ದಿಲ್ಲದೆ ಬದಲಾಗಿರುವುದನ್ನು ಗಮನಿಸಿ. ರಫುವಿನ ದಾರ ತೂತಿನ ಅಂಚಿನದು, ತೇಪೆಯ ಬಟ್ಟೆ ಅದೇ ಚಿತ್ರದ್ದು, ಹೊಸ ನೇಯ್ಗೆಯ ನೂಲು ಮಾತ್ರ ನಾವು ಕಂಡಿಲ್ಲದ ಯಾರದೋ ಫೋಟೊಗಳದು. ಕೆಲಸ ನಯವಾದಂತೆಲ್ಲ ಸಾಮಗ್ರಿ ನಮ್ಮ ಚಿತ್ರದಿಂದ ದೂರ ಸರಿಯುತ್ತ ಹೋಗಿದೆ.

ಹಂಪಿಯ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ತೆಗೆದುಕೊಳ್ಳಿ. ಜನರಿಲ್ಲದ ರಥದ ಚಿತ್ರಕ್ಕಾಗಿ ಇಲ್ಲಿರುವ ಎಷ್ಟೋ ಮಂದಿ ಬೆಳಗಿನ ಜಾವವೇ ಹೋಗಿ ನಿಂತಿರುತ್ತೀರಿ. ನನ್ನದೊಂದು ಚಿತ್ರದಲ್ಲಿ ಕೆಂಪು ಟೋಪಿಯ ಪ್ರವಾಸಿಯೊಬ್ಬರು ಚಕ್ರದ ಕೆಳಭಾಗವನ್ನು ಮರೆಮಾಡಿ ಕುಳಿತಿದ್ದರು. ಅವರನ್ನು ತೆಗೆಸಿದೆ. ಹಿಂದಿನ ಆಕಾಶ, ನೆಲದ ಹಾಸುಗಲ್ಲು ಲೋಪವಿಲ್ಲದೆ ಬಂದವು. ಚಕ್ರ? ಆ ಚಕ್ರಗಳಲ್ಲಿ ಸುತ್ತು ಸುತ್ತಾಗಿ ಹೂವಿನ ಕೆತ್ತನೆಯಿದೆ. ಸಾಧನವು ಕೆಳಗಿನ ಅರ್ಧಕ್ಕೆ ಗಾಡಿಚಕ್ರದ ಅರೆಕಾಲುಗಳನ್ನು ಕೂರಿಸಿತ್ತು. ಅದು ಕಲಿತ ಫೋಟೊಗಳಲ್ಲಿ ಅಂಥ ಚಕ್ರಗಳೇ ಹೆಚ್ಚಿದ್ದಿರಬೇಕು. ಹೋಲಿಸಿ ನೋಡಲು ದೂರ ಹೋಗಬೇಕಾಗಿಲ್ಲ, 2017ರಿಂದ ಬಂದಿರುವ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಅದೇ ರಥವಿದೆ. ಇನ್ನೊಂದು ಮಾತು. ರಥದ ಮುಂದಿರುವ ಆನೆಗಳು ಮೂಲದವಲ್ಲ. ಮೊದಲು ಅಲ್ಲಿ ಕುದುರೆಗಳಿದ್ದವು, ಅವುಗಳ ಹಿಂಗಾಲು ಮತ್ತು ಬಾಲದ ಅವಶೇಷ ಆನೆಗಳ ಹಿಂದೆ ಇಂದಿಗೂ ಕಾಣುತ್ತದೆ. ಗೊತ್ತಿಲ್ಲದವರ ಕಣ್ಣಿಗೆ ಅದು ಒಡೆದ ಕಲ್ಲಿನ ಚೂರು, ಒಂದು ಸಲ ಬೆರಳಾಡಿಸಿದರೆ ಹೋಗುವ ಕಸ. ಬೇಡವಾದದ್ದು ಯಾವುದು ಎಂದು ನಿರ್ಧರಿಸುವುದಕ್ಕೇ ಎಷ್ಟು ತಿಳಿದಿರಬೇಕು ನೋಡಿ.

ಇಂಥ ಸ್ಥಳಗಳಿಗೆ ನಾನು ಈಗ ಬಳಸುವ ಉಪಾಯ ಬೇರೆ, ಅದರಲ್ಲಿ ಊಹೆಯೇ ಇಲ್ಲ. ಕ್ಯಾಮೆರಾವನ್ನು ಅಲುಗದಂತೆ ಇಟ್ಟು, ಇಪ್ಪತ್ತು ಸೆಕೆಂಡಿಗೊಂದರಂತೆ ಹದಿನೈದು ಚಿತ್ರ ತೆಗೆಯಿರಿ. ತಂತ್ರಾಂಶದಲ್ಲಿ ಅವನ್ನು ಒಂದರ ಮೇಲೊಂದು ಪೇರಿಸಿ, ಪ್ರತಿ ಬಿಂದುವಿಗೂ, ಅಂದರೆ ಪಿಕ್ಸೆಲ್‌ಗೂ, ಸಿಗುವ ಹದಿನೈದು ಬಣ್ಣದ ಮೌಲ್ಯಗಳಲ್ಲಿ ನಡುವಿನದನ್ನು, ಅಂದರೆ ಮೀಡಿಯನ್ ಅನ್ನು ಆಯಲು ಹೇಳಿ. ಒಬ್ಬ ವ್ಯಕ್ತಿ ಒಂದು ಜಾಗದಲ್ಲಿ ಅರ್ಧಕ್ಕಿಂತ ಕಡಿಮೆ ಚಿತ್ರಗಳಲ್ಲಿ ಇದ್ದರೆ ಆತ ತಾನಾಗಿಯೇ ಕಣ್ಮರೆಯಾಗುತ್ತಾನೆ, ಅಲ್ಲಿ ಉಳಿಯುವುದು ನಿಮ್ಮ ಕ್ಯಾಮೆರಾ ನಿಜವಾಗಿ ಕಂಡ ಕಲ್ಲು. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ನಿಜ. ಕೈಯಲ್ಲೇ ಹಿಡಿದು ತೆಗೆದರೂ ತಂತ್ರಾಂಶ ಚಿತ್ರಗಳನ್ನು ಸಾಲಾಗಿ ಹೊಂದಿಸಿಕೊಳ್ಳುತ್ತದೆ. ಒಂದೇ ಕಡೆ ನಿಂತು ಹತ್ತು ನಿಮಿಷ ಸೆಲ್ಫಿ ತೆಗೆದುಕೊಳ್ಳುವವರು ಮಾತ್ರ ಈ ಗಣಿತಕ್ಕೂ ಜಗ್ಗುವುದಿಲ್ಲ.

ಎಐ ಸಾಧನವನ್ನೇ ಬಳಸುವುದಾದರೆ ಎರಡು ಮೂರು ಮಾತು ಸಾಕು. ವಸ್ತುವಿನ ಅಂಚಿಗಿಂತ ಸ್ವಲ್ಪ ಹೊರಗೆ ಸೇರಿಸಿಯೇ ಗುರುತು ಮಾಡಿ. ಅಂಚಿನ ಒಂದೆರಡು ಬಿಂದು ಉಳಿದರೂ ಅದನ್ನೇ ಬೀಜವಾಗಿಸಿಕೊಂಡು ಅಲ್ಲಿ ಮತ್ತೊಂದು ವಸ್ತು ಮೊಳೆಯುತ್ತದೆ. ನೆರಳನ್ನೂ ನೀರಿನಲ್ಲಿನ ಪ್ರತಿಬಿಂಬವನ್ನೂ ಮರೆಯಬೇಡಿ, ಮನುಷ್ಯನಿಲ್ಲದೆ ಅವನ ನೆರಳು ಮಾತ್ರ ನೆಲದ ಮೇಲೆ ಮಲಗಿರುವ ಚಿತ್ರಗಳು ಮದುವೆಯ ಆಲ್ಬಮ್ಮುಗಳಲ್ಲೇ ನನಗೆ ಸಿಕ್ಕಿವೆ. ಮೂಲ ಕಡತದ ಮೇಲೆ ಎಂದೂ ಕೆಲಸ ಮಾಡಬೇಡಿ.

ಇದೆಲ್ಲ ಯಂತ್ರ ತಂದ ಹೊಸ ಪಾಪವೇನಲ್ಲ. ನಮ್ಮ ಊರುಗಳ ಹಳೆಯ ಸ್ಟುಡಿಯೊಗಳಲ್ಲಿ ‘ಟಚಿಂಗ್’ ಮಾಡುವವರೆಂದೇ ಇರುತ್ತಿದ್ದರು. ಮುಖದ ಸುಕ್ಕು ಅಥವಾ ಸಿಡುಬಿನ ಕಲೆ ಅಚ್ಚಿನಲ್ಲಿ ಕಪ್ಪಾಗಿ ಬರುವುದರಿಂದ ನೆಗೆಟಿವ್‌ನಲ್ಲಿ ಅದು ತೆಳುವಾಗಿರುತ್ತದೆ. ಚೂಪಾದ ಪೆನ್ಸಿಲ್ಲಿನಿಂದ ಆ ತೆಳುವನ್ನು ತುಂಬಿದರೆ ಅಚ್ಚಿನಲ್ಲಿ ಮುಖ ನಯವಾಗುತ್ತಿತ್ತು. ಮನೆಯ ಹಿರಿಯರು ತೀರಿಕೊಂಡಾಗ ಹಾರ ಹಾಕಲು ಒಂಟಿ ಫೋಟೊ ಇರುತ್ತಿರಲಿಲ್ಲ. ಯಾವುದೋ ಮದುವೆಯ ಗುಂಪಿನ ಫೋಟೊ ತಂದು “ಇದರಲ್ಲಿ ಅಪ್ಪನೊಬ್ಬರನ್ನೇ ತೆಗೆದುಕೊಡಿ” ಎನ್ನುತ್ತಿದ್ದರು. ಪಕ್ಕದಲ್ಲಿ ನಿಂತವರ ಕೈ ಅಪ್ಪನ ಹೆಗಲ ಮೇಲಿದ್ದರೆ, ಆ ಬೆರಳುಗಳ ಮೇಲೆ ಅಂಗಿಯ ಬಟ್ಟೆಯನ್ನು ಬರೆಯಬೇಕಾಗುತ್ತಿತ್ತು. ಎಷ್ಟೋ ಮನೆಗಳ ಗೋಡೆಯ ಮೇಲಿನ ಹಿರಿಯರ ಎಡ ಹೆಗಲು ಟಚಿಂಗ್‌ನವರ ಕಲ್ಪನೆ. ಅದರಿಂದ ಯಾರಿಗೂ ಮೋಸವಾಗಿಲ್ಲ, ಏಕೆಂದರೆ ಆ ಫೋಟೊವನ್ನು ಯಾರೂ ಹೆಗಲಿನ ಸಾಕ್ಷ್ಯವಾಗಿ ನೋಡುವುದಿಲ್ಲ.

ಸಾಕ್ಷ್ಯವಾಗಿ ನೋಡುವ ಕಡೆ ಮಾತು ಬೇರೆಯಾಗುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಮಾಸ್ಕೋ-ವೋಲ್ಗಾ ಕಾಲುವೆಯ ದಡದಲ್ಲಿ ಸ್ಟಾಲಿನ್ ಪಕ್ಕ ನಿಂತಿದ್ದ, ರಹಸ್ಯ ಪೊಲೀಸರ ಮುಖ್ಯಸ್ಥನಾಗಿದ್ದ ನಿಕೊಲಾಯ್ ಯೆಜೋವ್ 1940ರಲ್ಲಿ ಮರಣದಂಡನೆಗೆ ಗುರಿಯಾದ ಮೇಲೆ ಚಿತ್ರದಲ್ಲಿಯೂ ಇಲ್ಲವಾದ, ಅವನ ಜಾಗದಲ್ಲಿ ಕಾಲುವೆಯ ನೀರು ಬಂತು. ಅದು ಅಧಿಕಾರದ ಕೆಲಸ, ಎಲ್ಲರೂ ಉದಾಹರಿಸುವಂಥದ್ದು. ನನ್ನನ್ನು ಹೆಚ್ಚು ಕಾಡುವುದು ದುರುದ್ದೇಶವೇ ಇಲ್ಲದ ಇನ್ನೊಂದು ಪ್ರಸಂಗ. 1970ರ ಮೇ 4ರಂದು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸೈನಿಕರ ಗುಂಡಿಗೆ ಬಿದ್ದ ವಿದ್ಯಾರ್ಥಿಯ ದೇಹದ ಬಳಿ ಮಂಡಿಯೂರಿ ಚೀರುತ್ತಿರುವ ಹುಡುಗಿಯ ಚಿತ್ರವನ್ನು ಜಾನ್ ಫಿಲೊ ತೆಗೆದರು. ಮರುವರ್ಷ ಅದಕ್ಕೆ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಬಂದಿತು. ಮೂಲದಲ್ಲಿ ಹುಡುಗಿಯ ತಲೆಯ ಹಿಂದಿನಿಂದಲೇ ಬೇಲಿಯ ಕಂಬವೊಂದು ಎದ್ದಿದೆ. ಅಂಥದ್ದನ್ನು ನಾವೆಲ್ಲರೂ ನಮ್ಮ ಚಿತ್ರಗಳಲ್ಲಿ ಬೈದುಕೊಂಡಿದ್ದೇವೆ. 1995ರಲ್ಲಿ ‘ಲೈಫ್’ ಪತ್ರಿಕೆ ಅದನ್ನು ಮತ್ತೆ ಅಚ್ಚು ಮಾಡಿದಾಗ ಆ ಕಂಬ ಇರಲಿಲ್ಲ. ವಿವಾದವಾಯಿತು. ತಾವು ತಿದ್ದಿಲ್ಲ, ತಮ್ಮ ಸಂಗ್ರಹದಲ್ಲಿದ್ದ ಪ್ರತಿಯೇ ಹಾಗಿತ್ತು ಎಂದು ಪತ್ರಿಕೆಯವರು ಹೇಳಿದರು. ಯಾವ ಕೈ ಅಳಿಸಿತೋ, ಆ ಕೈ ಗುರುತು ಬಿಟ್ಟಿರಲಿಲ್ಲ. ಪ್ರತಿಯಿಂದ ಪ್ರತಿಯಾಗಿ ವರ್ಷಗಳು ಉರುಳಿ, ಕಂಬವಿಲ್ಲದ್ದೇ ಮೂಲವೆಂದು ಕುಳಿತುಬಿಟ್ಟಿತ್ತು.

ಸುದ್ದಿಸಂಸ್ಥೆಗಳ ಕಟ್ಟುನಿಟ್ಟು ಇಂಥ ಅನುಭವಗಳಿಂದ ಬಂದದ್ದು. ಸಿರಿಯಾದ ಹೋರಾಟಗಾರನೊಬ್ಬನ ಚಿತ್ರದ ಮೂಲೆಯಲ್ಲಿದ್ದ ಸಹೋದ್ಯೋಗಿಯ ವಿಡಿಯೊ ಕ್ಯಾಮೆರಾವನ್ನು ಅಳಿಸಿದ್ದಕ್ಕಾಗಿ ಅಸೋಸಿಯೇಟೆಡ್ ಪ್ರೆಸ್ 2014ರ ಜನವರಿಯಲ್ಲಿ ಛಾಯಾಗ್ರಾಹಕ ನಾರ್ಸಿಸೊ ಕಾಂಟ್ರೆರಾಸ್ ಅವರೊಡನೆ ಸಂಬಂಧ ಕಡಿದುಕೊಂಡಿತು. ಅವರು ಪುಲಿಟ್ಜರ್ ಪಡೆದ ತಂಡದಲ್ಲಿದ್ದವರು. ಅವರ ಸುಮಾರು ಐನೂರು ಚಿತ್ರಗಳನ್ನು ಪರಿಶೀಲಿಸಿದರೂ ಬೇರೆ ತಿದ್ದುಪಡಿ ಸಿಗಲಿಲ್ಲ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕಟ್ಟಿದ ವನ್ಯಜೀವಿ ಛಾಯಾಗ್ರಹಣದ ಪರಂಪರೆ ನಮ್ಮ ಬೆಂಗಳೂರಿನದು. ಆ ಕ್ಷೇತ್ರದ ಅಂತರರಾಷ್ಟ್ರೀಯ ಸ್ಪರ್ಧೆಗಳ ‘ನೇಚರ್’ ವಿಭಾಗದಲ್ಲಿ ಇಂದಿಗೂ ಅಂಚು ಕತ್ತರಿಸುವುದರ ಹೊರತು ಏನನ್ನೂ ತೆಗೆಯುವಂತಿಲ್ಲ, ಸೇರಿಸುವಂತಿಲ್ಲ. ಹಕ್ಕಿಯ ಮುಂದೆ ಅಡ್ಡ ಬಂದ ಕಡ್ಡಿ ಆ ಹಕ್ಕಿಯ ಬದುಕಿನದೇ ಕಡ್ಡಿ.

ಕಾನೂನಿನ ಕಡೆಯಿಂದ ಎರಡೇ ಮಾತು. ಅಪಘಾತದ, ಜಮೀನಿನ ಗಡಿಯ, ವಿಮೆಯ ಫೋಟೊಗಳನ್ನು ಮುಟ್ಟಲೇಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಇಡೀ ಕಡತದಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಕೇತವನ್ನು, ನಮೂದಿಸಬೇಕು, ಒಂದು ಬಿಂದು ಬದಲಾದರೂ ಆ ಮೌಲ್ಯ ಬೇರೆಯಾಗುತ್ತದೆ. ಇನ್ನು, ಬೇರೆಯವರ ಚಿತ್ರದ ಮೇಲಿನ ಹೆಸರನ್ನು ಅಳಿಸಲು ಇದೇ ಸಾಧನ ಬಳಸುವವರಿದ್ದಾರೆ. ಹಕ್ಕು ನಿರ್ವಹಣೆಯ ಮಾಹಿತಿಯನ್ನು ತಿಳಿದೂ ತಿಳಿದೂ ಅಧಿಕಾರವಿಲ್ಲದೆ ತೆಗೆಯುವುದು ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಬಿ ಕಲಮಿನಡಿ ಎರಡು ವರ್ಷದವರೆಗೆ ಸೆರೆವಾಸವಾಗಬಹುದಾದ ಅಪರಾಧ.

ಮತ್ತೆ ನನ್ನ ವೀರಗಲ್ಲಿಗೆ ಬರುತ್ತೇನೆ. 1886ರಿಂದ ಹೊರಬರತೊಡಗಿದ, ನಮ್ಮ ನಾಡಿನ ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳನ್ನು ತೆರೆದರೆ, ಓದಲಾಗದ ಕಡೆ ಸಾಲುಸಾಲು ಚುಕ್ಕಿಗಳು ಕಾಣುತ್ತವೆ. ಇಂಥ ಗ್ರಂಥಗಳ ಸಂಪಾದಕರಿಗೆ ಅಲ್ಲಿ ಏನಿದ್ದೀತೆಂದು ಊಹಿಸುವ ಶಕ್ತಿ ನಮ್ಮ ಯಾವ ಸಾಧನಕ್ಕಿಂತ ಹೆಚ್ಚಿತ್ತು. ಊಹಿಸಿದಾಗಲೂ ಅದನ್ನು ಆವರಣದೊಳಗೆ ಇಡುವುದು ಅವರ ಶಿಸ್ತು. ರೋಮ್ ನಗರದ ಚಿತ್ರದುರಸ್ತಿ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಚೆಸಾರೆ ಬ್ರಾಂದಿ ಅವರ ಮಾರ್ಗದರ್ಶನದಲ್ಲಿ ರೂಪುಗೊಂಡ ‘ತ್ರತ್ತೆಜ್ಜೊ’ ಎಂಬ ಪದ್ಧತಿಯೂ ಇದೇ ಬಗೆಯದು: ಹಾಳಾದ ಭಾಗವನ್ನು ಸಣ್ಣ ನೇರ ಗೆರೆಗಳಿಂದ ತುಂಬುತ್ತಾರೆ, ದೂರದಿಂದ ಚಿತ್ರ ಪೂರ್ಣವಾಗಿ ಕಾಣುತ್ತದೆ, ಹತ್ತಿರ ಹೋದರೆ ಯಾವುದು ತುಂಬಿದ್ದು ಎಂದು ಗೊತ್ತಾಗುತ್ತದೆ. ಇನ್‌ಪೇಂಟಿಂಗ್ ಎಂಬ ಹೆಸರನ್ನು ನಮ್ಮ ಗಣಕದವರು ಚಿತ್ರದುರಸ್ತಿಯವರಿಂದಲೇ ತಂದರು, ಆದರೆ ಈ ಗೆರೆಗಳನ್ನು ಅಲ್ಲೇ ಬಿಟ್ಟು ಬಂದರು. ಆ ಕೊರತೆಯನ್ನು ತುಂಬಿಕೊಡಲು ಈಗ ಕಡತದೊಳಗೆ ತಿದ್ದುಪಡಿಯ ಚರಿತ್ರೆಯನ್ನು ಬರೆದಿಡುವ ಸಿ2ಪಿಎ ಎಂಬ ಮಾನದಂಡವಿದೆ, 2021ರಲ್ಲಿ ಅಡೋಬಿ, ಬಿಬಿಸಿ, ಮೈಕ್ರೊಸಾಫ್ಟ್ ಮೊದಲಾದವರು ಸೇರಿ ಆರಂಭಿಸಿದ್ದು. ಒಳ್ಳೆಯದೇ, ಆದರೆ ಪರದೆಯ ಚಿತ್ರ (ಸ್ಕ್ರೀನ್‌ಶಾಟ್) ಹಿಡಿದು ಮುಂದಕ್ಕೆ ಕಳಿಸಿದರೆ ಆ ಚರಿತ್ರೆ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ನಾನು ಚಿತ್ರದ ಕೆಳಗೇ ಕನ್ನಡದಲ್ಲಿ ಒಂದು ಸಾಲು ಬರೆಯುತ್ತೇನೆ: “ಅಡ್ಡವಿದ್ದ ಹಗ್ಗವನ್ನು ತೆಗೆಯಲಾಗಿದೆ, ಆ ಜಾಗದ ಗೀರುಗಳು ಶಾಸನದವಲ್ಲ.”

ಆ ಎರಡು ಚಿತ್ರಗಳನ್ನೂ ತಂದಿದ್ದೇನೆ. ದೀಪ ಆರಿಸಿದರೆ ಮೊದಲು ಹಗ್ಗವಿಲ್ಲದ್ದನ್ನು ಪರದೆಯ ಮೇಲೆ ಹಾಕುತ್ತೇನೆ. ಸುಳ್ಳಕ್ಷರಗಳು ಯಾವ ಸಾಲಿನಲ್ಲಿವೆ ಎಂದು ನಾನು ಹೇಳುವುದಿಲ್ಲ. ಐದು ನಿಮಿಷ ನೋಡಿ, ನೀವೇ ತೋರಿಸಿ. ಆಮೇಲೆ ಹಗ್ಗವಿರುವುದನ್ನು ಹಾಕೋಣ.