ಹಳೆಯ ಜಾಯಿಂಟ್ ವೀಲ್‌ಗೆ ವಿಶ್ರಾಂತಿ ಯಾವಾಗ?

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ನಡೆದಾಗ, ಅತ್ತ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ತೇರು ಸಾಗಿದಾಗ, ದರ್ಶನ ಮುಗಿಸಿದ ಮಕ್ಕಳು ದೊಡ್ಡವರ ಕೈ ಹಿಡಿದು ಎಳೆಯುವುದು ಜಾಯಿಂಟ್ ವೀಲ್, ಕೊಲಂಬಸ್‌ಗಳ ಕಡೆಗೆ. ಈ ಯಂತ್ರಗಳಿಗೂ ಮುಪ್ಪು ಬರುತ್ತದೆ. ಮುಪ್ಪಾದುದನ್ನು ದುರಸ್ತಿ ಮಾಡಿ ಉಳಿಸಬೇಕೋ, ನಿಲ್ಲಿಸಬೇಕೋ ಎಂಬುದನ್ನು ಹೊಸದಾಗಿ ಬಳಿದ ಬಣ್ಣ ನೋಡಿ ತೀರ್ಮಾನಿಸಲಾಗದು.

ಮರದ್ದಾದರೆ ಉಳಿಸುವುದು ಸುಲಭ. ಹಲಗೆ ಕೊಳೆತರೆ ಹಲಗೆಯನ್ನಷ್ಟೇ ಬದಲಿಸಬಹುದು. ಮೆಲ್ಬರ್ನ್‌ನ ಲೂನಾ ಪಾರ್ಕಿನಲ್ಲಿ 1912ರಲ್ಲಿ ಆರಂಭವಾದ ಮರದ ರೋಲರ್ ಕೋಸ್ಟರ್ ಹೀಗೆ ದುರಸ್ತಿಯಾಗುತ್ತಲೇ ನೂರು ವರ್ಷ ದಾಟಿತು.

ಉಕ್ಕಿನ ಸ್ವಭಾವ ಬೇರೆ. ಪ್ರತಿ ಸುತ್ತಿಗೂ ಅದು ಕಣ್ಣಿಗೆ ಕಾಣದಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಲಕ್ಷಾಂತರ ಸುತ್ತುಗಳ ನಂತರ ಬೆಸುಗೆಯ ಅಂಚಿನಲ್ಲೋ ಬೋಲ್ಟಿನ ತೂತಿನ ಬಳಿಯೋ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಊರೂರಿಗೆ ಲಾರಿಯಲ್ಲಿ ಸಾಗಿ, ಮತ್ತೆ ಮತ್ತೆ ಬಿಚ್ಚಿ ಜೋಡಿಸಲ್ಪಡುವ ನಮ್ಮ ಜಾತ್ರೆಯ ತೊಟ್ಟಿಲುಗಳಲ್ಲಿ ಆ ತೂತುಗಳೇ ಸವೆದು ಅಗಲವಾಗುತ್ತವೆ. ಟೊಳ್ಳು ತೊಲೆಗಳಲ್ಲಿ ತುಕ್ಕು ಒಳಗಿನಿಂದ ತಿನ್ನುತ್ತದೆ. 2017ರಲ್ಲಿ ಅಮೆರಿಕದ ಓಹಾಯೊ ಮೇಳದಲ್ಲಿ ಕುಸಿದ ಆಟದ ಯಂತ್ರಕ್ಕೆ 18 ವರ್ಷ ವಯಸ್ಸಾಗಿತ್ತು. ಒಳಗಿನ ತುಕ್ಕು ತೊಲೆಯ ಗೋಡೆಯನ್ನು ತೆಳುವಾಗಿಸಿತ್ತೆಂದು ಅದನ್ನು ತಯಾರಿಸಿದವರೇ ತಿಳಿಸಿದರು. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗಾಡುವ ಯಂತ್ರವೊಂದು ಮುರಿದುಬಿದ್ದು ಇಬ್ಬರು ಸತ್ತರು.

ಆದ್ದರಿಂದ ಬೆಸುಗೆಯ ಬಣ್ಣ ಕೆರೆದು, ಕೆಂಪು ದ್ರಾವಣ ಹಚ್ಚಿ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿ ನೋಡಬೇಕು. ಬಿರುಕಿದ್ದರೆ ಕೆಂಪು ಗೆರೆಯಾಗಿ ಮೂಡುತ್ತದೆ. ಚಕ್ರ ತಿರುಗುವ ಅಚ್ಚಿನ ಒಡಲನ್ನು ಕಿವಿಗೆ ಕೇಳಿಸದ ಶ್ರವಣಾತೀತ (ಅಲ್ಟ್ರಾಸೌಂಡ್) ತರಂಗಗಳಿಂದ ಪರೀಕ್ಷಿಸಬೇಕು. ಇದಕ್ಕೆ ಒಂದು ದಿನದ ವ್ಯಾಪಾರ ಹೋದರೂ ಹೋಗಲಿ.

ಪರೀಕ್ಷೆಯಲ್ಲಿ ಗೆದ್ದದ್ದನ್ನೂ ಮೊದಲಿನಷ್ಟೇ ದುಡಿಸಬೇಕಿಲ್ಲ. 1897ರಲ್ಲಿ ಕಟ್ಟಿದ ವಿಯೆನ್ನಾದ ದೈತ್ಯಚಕ್ರ 1944ರಲ್ಲಿ ಸುಟ್ಟುಹೋದಾಗ, ಅದನ್ನು ಮರುನಿರ್ಮಿಸಿದವರು 30 ಪೆಟ್ಟಿಗೆಗಳ ಬದಲು 15ನ್ನಷ್ಟೇ ತೂಗುಹಾಕಿ ಭಾರ ಇಳಿಸಿದರು. ಅದು ಇಂದಿಗೂ ತಿರುಗುತ್ತಿದೆ. ಇಂಥ ಜೀರ್ಣೋದ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಸೋತ ಯಂತ್ರವನ್ನು ಮಾತ್ರ ಕಡಿಮೆ ಬೆಲೆಗೆ ಇನ್ನೊಂದು ಊರಿನ ಜಾತ್ರೆಗೆ ಮಾರಬಾರದು. ಅದರ ಅಚ್ಚನ್ನೂ ತೊಲೆಗಳನ್ನೂ ಅಧಿಕಾರಿಗಳ ಎದುರಿನಲ್ಲೇ ಗ್ಯಾಸ್ ಕಟರ್‌ನಿಂದ ತುಂಡರಿಸಿ, ಆ ಮೇಲೆಯೇ ಗುಜರಿಗೆ ಕಳುಹಿಸಬೇಕು.