ಕೊಂಡಿ ಹಾಕುವ ಕೈಗಳು

ಈಗ ನಿಮಗೆ ಕೇಳಿಸುತ್ತಿರುವುದು ಇಳಕಲ್ಲಿನ ಒಂದು ಮನೆಯ ಮಗ್ಗದ ಸದ್ದು. ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗ. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯುತ್ತಾರೆ. ಬೆಳಕು ಬರುವುದು ಒಂದೇ ಕಿಟಕಿಯಿಂದ. ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆಯನ್ನು ಐಎಸ್‌ಒ 3200ಕ್ಕೆ ಏರಿಸಿದೆ, ಫ್ಲ್ಯಾಷ್ ಮಾತ್ರ ಹಾಕಲಿಲ್ಲ. ಷಟರ್ ತೆರೆದಿದ್ದದ್ದು ಸೆಕೆಂಡಿನ 1/15 ಹೊತ್ತು. ಕೂತವರು ಕೂತಂತೆಯೇ ಇದ್ದಾರೆ, ಲಾಳಿ ಹಾಯ್ದ ದಾರಿ ಬಿಳಿ ಗೆರೆಯಾಗಿ ಮೂಡಿದೆ, ನೋಡಿ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಎಳೆದ ಎಳೆಗಳು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸುವುದೇ ಕೊಂಡಿ. ನೂಲಿಗೆ ರೇಷ್ಮೆ, ನೂಲಿಗೆ ರೇಷ್ಮೆ, ಹೀಗೆ ಸಾವಿರಾರು ಸಲ. ಈ ಮನೆಯಲ್ಲಿ ಆ ಕೆಲಸ ಅಜ್ಜಿಯದು. ಕಳೆದ ವರ್ಷ ನಾನು ಮೊದಲ ಸಲ ಹೋದಾಗ ಅವರು ಎಳೆಯನ್ನು ಕಣ್ಣಿನಿಂದ ಹುಡುಕುತ್ತಿರಲಿಲ್ಲ, ಬೆರಳ ತುದಿಯಿಂದ ತಡವಿ ಹುಡುಕುತ್ತಿದ್ದರು.

ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುತ್ತದೆ. ನಾವು ಚಾಳೀಸು ಎನ್ನುವುದು ಅದಕ್ಕೇ. ಉಳಿದವರಿಗೆ ಪತ್ರಿಕೆ ಓದುವುದು ಕಷ್ಟವಾದೀತು, ನೇಕಾರರಿಗೆ ಅನ್ನದ ದಾರಿಯೇ ಕಷ್ಟವಾಗುತ್ತದೆ. ಒಂದು ಕನ್ನಡಕ ಸಾಕು, ಆದರೆ ಆ ಒಂದು ಕನ್ನಡಕ ಮುಂದಿನ ತಿಂಗಳಿಗೆ, ಅದರ ಮುಂದಿನ ತಿಂಗಳಿಗೆ ಎಂದು ದೂಡುತ್ತಲೇ ಹೋಗುತ್ತದೆ.

ನನ್ನ ಬಳಿ ಇದ್ದದ್ದು ಕ್ಯಾಮೆರಾ. ಕಣ್ಣೀರಿನ ಚಿತ್ರ ತೆಗೆದು ದುಡ್ಡು ಕೇಳುವುದಕ್ಕೆ ಮನಸ್ಸು ಒಪ್ಪಲಿಲ್ಲ. ಸಹಾಯದ ಹೆಸರಿನಲ್ಲಿ ಯಾರ ಮಾನವನ್ನೂ ಗೋಡೆಗೆ ತೂಗುಹಾಕಬಾರದು. ಅಜ್ಜಿಯೇ ಹೇಳಿದರು: “ಮುಖ ಬೇಡ ತಮ್ಮಾ, ಕೈ ತೆಗೆ. ದುಡಿಯುವುದು ಕೈ.” ಕನ್ನಡಕದ ದುಡ್ಡಿಗಾಗಿ ಮಾರಲು ತೆಗೆದ ಆ ಚಿತ್ರಗಳ ಸರಣಿಯಲ್ಲಿ ಬರೀ ಕೈಗಳಿವೆ.

ಮೊದಲ ಮುದ್ರಣದಲ್ಲಿ ಸೆರಗಿನ ಕೆಂಪು ಕಂದಾಗಿ ಬಂತು. ಇಳಕಲ್ಲಿನ ಕೆಂಪನ್ನು ಹಾಗೆ ಮಾರಲು ಸಾಧ್ಯವೇ? ಎಲ್ಲವನ್ನೂ ಬದಿಗಿಟ್ಟೆ. ಮುದ್ರಣದ ಅಂಗಡಿಯಲ್ಲಿ ಸೀರೆಯ ತುಂಡೊಂದನ್ನು ಪರದೆಯ ಪಕ್ಕದಲ್ಲಿ ಹಿಡಿದು, ಬಣ್ಣ ಹೊಂದಿಸಿ, ಮತ್ತೆ ಹಾಕಿಸಿದೆ. ಬಾಗಲಕೋಟೆಯ ನವನಗರದಲ್ಲಿ ಗೆಳೆಯನ ಮನೆಯ ಪಡಸಾಲೆಯೇ ಪ್ರದರ್ಶನದ ಜಾಗ. ಒಂದು ಚಿತ್ರಕ್ಕೆ 1,200 ರೂಪಾಯಿ. ಮುದ್ರಣ, ಚೌಕಟ್ಟಿಗೆ 450 ಹೋದರೆ ಉಳಿದ 750 ಕನ್ನಡಕಕ್ಕೆ. ಈ ಲೆಕ್ಕವನ್ನು ಬಾಗಿಲಲ್ಲೇ ಬರೆದು ಅಂಟಿಸಿದ್ದೆ. 18 ಚಿತ್ರಗಳು ಹೋದವು.

ಸಿದ್ಧ ಕನ್ನಡಕ ತಂದು ಹಂಚಲಿಲ್ಲ. ಎರಡು ಕಣ್ಣಿನ ನಂಬರು ಒಂದೇ ಇರಬೇಕೆಂದಿಲ್ಲವಲ್ಲ, ಅದಕ್ಕೆ ಓಣಿಯಲ್ಲೇ ತಪಾಸಣೆ ಮಾಡಿಸಿದೆವು. ಇಬ್ಬರಿಗೆ ಪೊರೆ ಬಂದಿದೆ ಎಂದು ಆಗಲೇ ಗೊತ್ತಾದದ್ದು. ಅವರಿಗೆ ಬೇಕಾದದ್ದು ಶಸ್ತ್ರಚಿಕಿತ್ಸೆ. ಮುಂದಿನ ಸರಣಿ ಅವರಿಗಾಗಿ, ಈ ವಾರವೇ ಶುರು ಮಾಡುತ್ತೇನೆ.

ಇದು ನಿನ್ನೆ ತೆಗೆದ ದೃಶ್ಯ. ಅಜ್ಜಿ ಹೊಸ ಕನ್ನಡಕ ಹಾಕಿಕೊಂಡು ತಮ್ಮದೇ ಕೈಗಳ ಚಿತ್ರವನ್ನು ಕಿಟಕಿಯ ಬಳಿ ಒಯ್ದರು. ಬಹಳ ಹೊತ್ತು ನೋಡಿದರು. ಆಮೇಲೆ ಚಿತ್ರದ ಒಂದು ಮೂಲೆಯ ಮೇಲೆ ಉಗುರಿಟ್ಟು ಕೇಳಿದರು:

“ಇಲ್ಲೊಂದು ಎಳೆ ತಪ್ಪಿದೆಯಲ್ಲೋ ತಮ್ಮಾ. ಆ ಸೀರೆ ಯಾರ ಮನೆಗೆ ಹೋಯಿತು?”