ಬೆನ್ನಿಂದ ನೀರು ತೆಗೆಸಲು ಹೆದರಬೇಡಿ

ಕೋಲಾರ ಸೀಮೆಯ ಕೇಳುಗರೆಲ್ಲರಿಗೂ ನಮಸ್ಕಾರ.

ಮಿದುಳಿನ ಗೆಡ್ಡೆ ಪೊರೆಗೂ ಹರಡಿದೆ ಅಂತ ಡಾಕ್ಟರು ಹೇಳಿದ ಕೂಡಲೇ ಮನೆಯವರು ಕೇಳುವುದು ಒಂದೇ: "ಇನ್ನೆಷ್ಟು ದಿನ ಸಾರ್?" ಅದಕ್ಕೂ ಮೊದಲು ಕೇಳಬೇಕಾದ್ದು, ಇದು ಯಾವ ಜಾತಿಯ ಗೆಡ್ಡೆ ಅಂತ. ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಮಿದುಳಿಗೂ ಬೆನ್ನುಹುರಿಗೂ ಸುತ್ತ ಮೂರು ಪೊರೆಗಳಿವೆ. ಒಳಗಿನ ಎರಡರ ನಡುವೆ ತಿಳಿಯಾದ ನೀರು ಹರಿದಾಡುತ್ತಿರುತ್ತದೆ. ಗೆಡ್ಡೆಯ ಕಣಗಳು ಅದಕ್ಕೆ ಬಿದ್ದರೆ ತಲೆಯಿಂದ ಸೊಂಟದವರೆಗೆ ಎಲ್ಲಿ ಬೇಕಾದರೂ ಬೇರು ಬಿಡಬಹುದು. ಆದ್ದರಿಂದ ಮಿದುಳು ಗೆಡ್ಡೆಗೆ ಆಪರೇಷನ್ ಆದವರಿಗೆ ಹೊಸದಾಗಿ ಬೆನ್ನುನೋವು ಬಂದು ಕಾಲಿಗೆ ಇಳಿದರೆ, ಒಂದು ಎರಡಾಗಿ ಕಂಡರೆ ತಡ ಮಾಡಬೇಡಿ. ಟೊಮೆಟೊ ಬಾಕ್ಸ್ ಎತ್ತಿ ಉಳುಕಿರಬೇಕು ಅಂತ ಎಣ್ಣೆ ತಿಕ್ಕುತ್ತಾ ಕೂತರೆ ವಾರಗಳೇ ಹೋಗಿಬಿಡುತ್ತವೆ. ಮೂತ್ರ ಕಟ್ಟಿಕೊಂಡರಂತೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮೊದಲು ತಲೆಗೂ ಪೂರ್ತಿ ಬೆನ್ನಿಗೂ ಎಂಆರ್‌ಐ ಮಾಡುತ್ತಾರೆ. ತಲೆಯಲ್ಲಿ ಒತ್ತಡ ಜಾಸ್ತಿ ಇಲ್ಲ ಅಂತ ಖಾತ್ರಿಯಾದ ಮೇಲೆ, ಆ ನೀರಿನಲ್ಲಿ ಗೆಡ್ಡೆಯ ಕಣಗಳಿವೆಯೇ ಅಂತ ನೋಡಲು ಬೆನ್ನಿಂದ ನೀರು ತೆಗೆಯುತ್ತಾರೆ. ಇಲ್ಲೇ ಜನ ಹಿಂದೆ ಸರಿಯುವುದು. "ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತೆ" ಅನ್ನುತ್ತಾರೆ. ಹಾಗೇನಿಲ್ಲ. ಮಗ್ಗುಲಾಗಿ ಮಲಗಿಸಿ, ಮೊಣಕಾಲು ಎದೆಗೆ ಮಡಿಸಿ, ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ ಸಣ್ಣ ಸೂಜಿ ಹಾಕುತ್ತಾರೆ. ಸುಮಾರು 10 ಎಂಎಲ್ ನೀರು ಹನಿಹನಿಯಾಗಿ ಬರುತ್ತದೆ. ನಮ್ಮ ದೇಹ ದಿನಕ್ಕೆ ಸುಮಾರು 500 ಎಂಎಲ್ ತಯಾರಿಸುತ್ತದೆ. ಹಾಗಾಗಿ ತೆಗೆದಷ್ಟು ಅರ್ಧ ಗಂಟೆಯಲ್ಲಿ ತುಂಬಿಕೊಳ್ಳುತ್ತದೆ. ಒಂದೆರಡು ದಿನ ತಲೆನೋವು ಬರಬಹುದು. ಮೊದಲ ಸಲ ಕಣ ಸಿಗದಿದ್ದರೆ ಇನ್ನೊಮ್ಮೆ ತೆಗೆಯಬೇಕಾಗಬಹುದು, ಒಪ್ಪಿಕೊಳ್ಳಿ.

ಈಗ ಫಲಿತಾಂಶದ ಮಾತು. ಮಕ್ಕಳಲ್ಲಿ ಬರುವ ಮೆಡುಲ್ಲೋಬ್ಲಾಸ್ಟೋಮಾ ಅನ್ನುವ ಗೆಡ್ಡೆ ಹರಡಿದ್ದರೂ ಕೈಬಿಡುವಂತಿಲ್ಲ. ಇಡೀ ಮಿದುಳು, ಬೆನ್ನಿಗೆ ರೇಡಿಯೇಷನ್, ಆಮೇಲೆ ಕೀಮೋ ಪೂರ್ತಿ ಸಿಕ್ಕರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಐದು ವರ್ಷ ದಾಟುತ್ತಾರೆ. ಜರ್ಮಿನೋಮಾ ಅನ್ನುವ ಇನ್ನೊಂದು ಜಾತಿಯ ಗೆಡ್ಡೆ ಇನ್ನೂ ಚೆನ್ನಾಗಿ ವಾಸಿಯಾಗುತ್ತದೆ. ದೊಡ್ಡವರಿಗೆ ಬರುವ ಗ್ಲಯೋಬ್ಲಾಸ್ಟೋಮಾ ಗೆಡ್ಡೆ ಹಾಗಲ್ಲ. ಅದು ಪೊರೆಗೆ ಹರಡಿದ ಮೇಲೆ ಚಿಕಿತ್ಸೆ ಇಲ್ಲದಿದ್ದರೆ ವಾರಗಳು, ಕೊಟ್ಟರೆ ಸಾಮಾನ್ಯವಾಗಿ ಕೆಲವೇ ತಿಂಗಳು. ಇದನ್ನು ಮನೆಯವರಿಂದ ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ಆಗಲೂ ಮಾಡುವುದಕ್ಕೆ ಬೇಕಾದಷ್ಟಿದೆ. ನೋವಿರುವ ಕಡೆ ರೇಡಿಯೇಷನ್, ಊತಕ್ಕೆ ಸ್ಟೆರಾಯ್ಡ್, ತಲೆಯಲ್ಲಿ ನೀರು ಕಟ್ಟಿಕೊಂಡರೆ ಅದನ್ನು ಹರಿಸಿಬಿಡುವ ಶಂಟ್ ಅನ್ನುವ ಕೊಳವೆ. ಕೆಲವರಿಗೆ ತಲೆಚರ್ಮದ ಕೆಳಗೆ ಒಮ್ಮಾಯಾ ಅನ್ನುವ ಪುಟ್ಟ ಬುಡ್ಡಿ ಇಟ್ಟು ಅದರ ಮೂಲಕ ಔಷಧಿ ನೀರಿಗೇ ಬಿಡುತ್ತಾರೆ. ನೀರಿನಲ್ಲಿ ತೇಲುವ ಕಣಗಳಿಗೆ ಅದು ತಾಗುತ್ತದೆ, ಗಟ್ಟಿ ಗಂಟಿನೊಳಗೆ ಇಳಿಯುವುದಿಲ್ಲ. ನೋವು ತಡೆಯಲಾಗದಿದ್ದರೆ ಮಾರ್ಫಿನ್ ಕೇಳಿ ತೆಗೆದುಕೊಳ್ಳಿ. ಡಾಕ್ಟರು ಹೇಳಿದ ಅಳತೆಯಲ್ಲಿ ಕೊಟ್ಟರೆ ಅದು ಆಯಸ್ಸು ತಿನ್ನುವುದಿಲ್ಲ.

ಬೆಂಗಳೂರಿನ ಕಿದ್ವಾಯಿಗೋ ನಿಮ್ಹಾನ್ಸ್‌ಗೋ ಹೊರಡುವಾಗ ರೇಷನ್ ಕಾರ್ಡ್, ಆಧಾರ್ ಜೊತೆಗೆ ಬಯಾಪ್ಸಿ (ಗೆಡ್ಡೆಯ ಚೂರು ಪರೀಕ್ಷೆ) ರಿಪೋರ್ಟ್, ಆ ಚೂರನ್ನು ಗಾಜಿನ ಮೇಲೆ ಇಟ್ಟ ಸ್ಲೈಡು, ಮೇಣದಲ್ಲಿ ಇಟ್ಟ ಬ್ಲಾಕು, ಹಳೇ ಎಂಆರ್‌ಐ ಸಿಡಿ ಎಲ್ಲ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ. ಬ್ಲಾಕ್ ಮರೆತರೆ ಅದಕ್ಕಾಗಿಯೇ ವಾಪಸ್ ಬರಬೇಕಾದೀತು.

ನಮಸ್ಕಾರ.